ಕಲ್ಲಿನ ಮನೆ, ನೂರು ಆಲಿವ್ ಮರ, ಮೂರು ಕೋಣೆ: ಇಬ್ಬರಿಂದ ಆಗುತ್ತಾ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ದಂಪತಿ. ನನಗೆ 46, ನಮ್ಮವರಿಗೆ 49. ಮಗಳು ಕಾಲೇಜು ಸೇರಿದ್ದಾಳೆ. ಕಳೆದ ಜೂನ್‌ನಲ್ಲಿ ಪೋರ್ಚುಗಲ್‌ಗೆ ಹೋದಾಗ ಕೊಯಿಂಬ್ರಾ ಕಡೆಯ ಬೆಟ್ಟದಲ್ಲಿ ಒಂದು ಹಳೆ ಕಲ್ಲಿನ ಮನೆ ನೋಡಿದೆವು. ಜೊತೆಗೆ ನಾಲ್ಕು ಎಕರೆ ಜಾಗ, ನೂರು ಚಿಲ್ಲರೆ ಆಲಿವ್ ಮರ, ಒಂದು ಬಾವಿ. ಬೆಲೆ ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲ್ಯಾಟಿಗಿಂತ ಕಡಿಮೆ. ಮೂರು ಕೋಣೆ ಅತಿಥಿಗಳಿಗೆ ಕೊಟ್ಟು, ಉಳಿದ ಹೊತ್ತಿನಲ್ಲಿ ತೋಟ ನೋಡಿಕೊಂಡು ಬದುಕಬಹುದಾ? ಇಬ್ಬರೇ ಸಾಕಾಗುತ್ತೇವಾ? ದಿನ ನಿಜವಾಗಿ ಹೇಗಿರುತ್ತೆ?

ಉತ್ತರ: ನೀವು ಮನೆ ನೋಡಿದ್ದು ಜೂನ್‌ನಲ್ಲಿ. ನನ್ನ ಮೊದಲ ತಕರಾರು ಅದಕ್ಕೇ. ಜೂನ್‌ನಲ್ಲಿ ಇಲ್ಲಿ ಯಾವ ಮನೆಯಾದರೂ ಚಂದವೇ. ರಾತ್ರಿ ಒಂಬತ್ತರವರೆಗೆ ಬೆಳಕು, ಮರದ ತುಂಬ ಚೆರಿ ಹಣ್ಣು, ತೊರೆಯಲ್ಲಿ ನೀರು. ನಾನೂ ಹಾಗೆಯೇ ಮರುಳಾದವನು, ಅದಕ್ಕೇ ನಿಮ್ಮನ್ನು ನೋಡಿ ನಗುತ್ತಿಲ್ಲ.

ನೇರವಾಗಿ ಹೇಳುತ್ತೇನೆ. ಇಬ್ಬರಿಂದ ಆಗುತ್ತದೆ, ಮೂರು ಕೋಣೆಯೂ ಸರಿ. ಆದರೆ ನಾಲ್ಕು ಎಕರೆ ಬೇಡ. ಒಂದು ಎಕರೆ ಸಾಕು, ಅದೂ ಮನೆಗೆ ತಾಗಿಕೊಂಡೇ ಇರಲಿ. ನಿಮ್ಮ ಕಣ್ಣು ಕೋಣೆಗಳ ಮೇಲಿದೆ, ನನ್ನ ಕಣ್ಣು ಜಾಗದ ಮೇಲೆ ಹೋಯಿತು. ಯಾಕೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ನಾನು ವಿಟ್ಲ ಕಡೆಯ ಅಡಿಕೆ ತೋಟದ ಮನೆಯವನು. 2018ರಲ್ಲಿ ನಾನೂ ನನ್ನ ಹೆಂಡತಿಯೂ ಇದೇ ಬೆಟ್ಟದ ಸೀಮೆಗೆ ಬಂದು ಮೂರು ಕೋಣೆ ಶುರುಮಾಡಿದೆವು. ತೋಟದ ಕೆಲಸ ಗೊತ್ತಿದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಇಲ್ಲಿ ನನ್ನ ಬದುಕನ್ನು ನಡೆಸುತ್ತಿರುವುದು ಎರಡೇ ವಸ್ತು ಅಂತ ಮೊದಲ ವರ್ಷವೇ ತಿಳಿಯಿತು. ಒಂದು ಬಟ್ಟೆ, ಇನ್ನೊಂದು ಹುಲ್ಲು.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದಿನ ಬೆಳಿಗ್ಗೆ ಆರಕ್ಕೆ ಶುರು. ಮೊದಲು ಕೋಳಿಗೂಡಿನ ಬಾಗಿಲು ತೆಗೆಯಬೇಕು. ಸಂಜೆ ಅದನ್ನು ಮುಚ್ಚುವುದು ಕೊನೆಯ ಕೆಲಸ. ಒಂದು ಸಂಜೆ ಅತಿಥಿಗಳ ಜೊತೆ ಮಾತಿಗೆ ಕೂತು ನಾವು ಮರೆತೆವು, ನರಿ ಮರೆಯಲಿಲ್ಲ. ಹನ್ನೊಂದರಲ್ಲಿ ಎರಡು ಕೋಳಿ ಉಳಿದವು. ಆಮೇಲೆ ತರಕಾರಿಗೆ ನೀರು. ಬೇಸಿಗೆಯಲ್ಲಿ ಎಂಟರ ಮೇಲೆ ನೀರು ಬಿಟ್ಟರೆ ಅರ್ಧ ಗಾಳಿಗೇ ಹೋಗುತ್ತದೆ. ಅಷ್ಟರಲ್ಲಿ ಬ್ರೆಡ್ಡಿನ ವ್ಯಾನ್ ಬರುತ್ತದೆ. ಬಾಗಿಲ ಚಿಲಕಕ್ಕೆ ರಾತ್ರಿಯೇ ಒಂದು ಬಟ್ಟೆ ಚೀಲ ನೇತುಹಾಕಿರುತ್ತೇವೆ. ಅವನು ಅದರಲ್ಲಿ ಬ್ರೆಡ್ ಹಾಕಿ ಹಾರ್ನ್ ಹೊಡೆದು ಹೋಗುತ್ತಾನೆ, ನಮ್ಮ ಊರಿನ ಹಾಲಿನವನ ಹಾಗೆ. ಎಂಟೂವರೆಯಿಂದ ಹತ್ತರವರೆಗೆ ಅತಿಥಿಗಳ ತಿಂಡಿ. ಅದರ ನಂತರ ಕೋಣೆ, ಪೇಟೆ, ಮೇಲ್, ರಿಪೇರಿ. ರಿಪೇರಿ ಇಲ್ಲದ ದಿನ ನನಗೆ ನೆನಪಿಲ್ಲ. ಒಂದು ದಿನ ಟಾಯ್ಲೆಟ್ ಫ್ಲಶ್, ಇನ್ನೊಂದು ದಿನ ಕಿಟಕಿಯ ತಿರುಗಣಿ, ಮತ್ತೊಂದು ದಿನ ವೈಫೈ.

ಶನಿವಾರದ ಕಥೆ ಬೇರೆ. ಹಳಬರು ಹನ್ನೊಂದಕ್ಕೆ ಹೊರಡುತ್ತಾರೆ, ಹೊಸಬರು ನಾಲ್ಕಕ್ಕೆ ಬರುತ್ತಾರೆ. ನಡುವೆ ಐದು ಗಂಟೆ. ಮೂರು ಕೋಣೆಯ ಬಟ್ಟೆ ಒಮ್ಮೆ ಎಣಿಸಿ ನೋಡಿ. ಹಾಸು ಹೊದಿಕೆ ಸೇರಿ ಒಂಬತ್ತು, ದಿಂಬಿನ ಚೀಲ ಹನ್ನೆರಡು, ಟವೆಲ್ ಹನ್ನೆರಡು, ಬಚ್ಚಲ ಮ್ಯಾಟ್ ಮೂರು. 36 ತುಂಡು ಆಯಿತು, ಅಡುಗೆಮನೆ ಬಟ್ಟೆ ಬಿಟ್ಟು. ಹಾಗಾಗಿ ಪ್ರತಿ ಹಾಸಿಗೆಗೆ ಮೂರು ಸೆಟ್ ಇಟ್ಟುಕೊಳ್ಳಿ. ಒಂದು ಹಾಸಿಗೆ ಮೇಲೆ, ಒಂದು ತಂತಿ ಮೇಲೆ, ಒಂದು ಕಪಾಟಿನಲ್ಲಿ. ಎಲ್ಲವೂ ಬಿಳಿಯದೇ ಇರಲಿ, ಒಂದೇ ಅಳತೆಯದಿರಲಿ. ಬಣ್ಣದ್ದು ಕೊಂಡರೆ ಒಂದು ಹಾಳಾದಾಗ ಜೋಡಿ ಸಿಗುವುದಿಲ್ಲ.

ಬಿಳಿ ಬಟ್ಟೆಯ ವಿಷಯದಲ್ಲಿ ನಾವು ಒಂದು ಪೂರ್ತಿ ಬೇಸಿಗೆ ಮೋಸಹೋದೆವು. ಜುಲೈನಲ್ಲಿ ಹಾಸು ಮೇಲೆ, ಟವೆಲ್ ಮೇಲೆ ಕಿತ್ತಳೆ ಬಣ್ಣದ ಕಲೆ ಏಳತೊಡಗಿತು. ತೊಳೆಯುವ ಮೊದಲು ಇರಲಿಲ್ಲ, ತೊಳೆದ ಮೇಲೆ ಬಂತು. ಬ್ಲೀಚ್ ಹಾಕಿದೆವು, ಇನ್ನೂ ಗಟ್ಟಿಯಾಯಿತು. ಎರಡು ಸೆಟ್ ಒರೆಸುವ ಬಟ್ಟೆಯಾದ ಮೇಲೆ ಕಾರಣ ತಿಳಿಯಿತು. ಅತಿಥಿಗಳು ಮೈಗೆ ಹಚ್ಚುವ ಸನ್‌ಸ್ಕ್ರೀನ್‌ನ ಒಂದು ರಾಸಾಯನಿಕ ನಮ್ಮ ಬಾವಿ ನೀರಿನ ಕಬ್ಬಿಣಾಂಶದ ಜೊತೆ ಸೇರಿ ತುಕ್ಕಿನ ಬಣ್ಣ ಬಿಡುತ್ತದೆ. ತುಕ್ಕಿಗೆ ಬ್ಲೀಚ್ ಶತ್ರು. ಹುಳಿ ಬೇಕು. ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಸಿಟ್ಟರೆ ಹೋಗುತ್ತದೆ. ನಿಂಬೆಹಣ್ಣು ಕೂಡ ಆಗುತ್ತದೆ, ಆದರೆ 36 ತುಂಡಿಗೆ ಎಷ್ಟು ನಿಂಬೆ ಹಿಂಡುತ್ತೀರಿ! ಮನೆ ಕೊಳ್ಳುವ ಮೊದಲು ಬಾವಿ ನೀರನ್ನು ಪರೀಕ್ಷೆಗೆ ಕೊಡಿ. ಕುಡಿಯಲು ಯೋಗ್ಯವಾ ಅಂತ ಮಾತ್ರ ಅಲ್ಲ, ಕಬ್ಬಿಣ ಎಷ್ಟಿದೆ ಅಂತಲೂ ಕೇಳಿ.

ಒಂದೇ ರಾತ್ರಿಗೆ ಬರುವವರನ್ನು ತೆಗೆದುಕೊಳ್ಳಬೇಡಿ. ಒಂದು ರಾತ್ರಿಯವರಿಗೂ ಏಳು ರಾತ್ರಿಯವರಿಗೂ ಒಗೆಯುವ ಬಟ್ಟೆ ಒಂದೇ. ನಮ್ಮಲ್ಲಿ ಕನಿಷ್ಠ ಎರಡು ರಾತ್ರಿ, ಜುಲೈ ಆಗಸ್ಟ್‌ನಲ್ಲಿ ಐದು.

ಇನ್ನು ಹುಲ್ಲು. ನಿಮ್ಮ ನಾಲ್ಕು ಎಕರೆಯ ಬಗ್ಗೆ ನನಗೆ ಹೆದರಿಕೆ ಇರುವುದು ಇಲ್ಲೇ.

ಇಲ್ಲಿ ಮಳೆ ಚಳಿಗಾಲದಲ್ಲಿ. ಹೆಚ್ಚಿನದು ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ ಸುರಿಯುತ್ತದೆ. ಮಾರ್ಚ್‌ನಲ್ಲಿ ಬಿಸಿಲು ಬಿದ್ದ ಕೂಡಲೇ ಹುಲ್ಲು, ಜರಿಗಿಡ, ಮುಳ್ಳುಪೊದೆ ಎಲ್ಲ ಒಟ್ಟಿಗೇ ಮೇಲೇಳುತ್ತವೆ. ಜೂನ್ ಕೊನೆಗೆ ಅದೆಲ್ಲ ಒಣಗಿ ಸೀಮೆಎಣ್ಣೆಯಲ್ಲಿ ಅದ್ದಿದ ಹಾಗೆ ಆಗುತ್ತದೆ. ಸುತ್ತಲ ಗುಡ್ಡದಲ್ಲಿ ಪೈನ್, ಮತ್ತೆ ಕಾಗದದ ಕಾರ್ಖಾನೆಗೆಂದು ಬೆಳೆಸಿದ ನೀಲಗಿರಿ. 2017ರ ಜೂನ್ 17ರಂದು ಪೆದ್ರೋಗಾವ್ ಗ್ರಾಂದೆ ಎಂಬಲ್ಲಿ ಹತ್ತಿದ ಬೆಂಕಿಗೆ 66 ಜನ ಸತ್ತರು. ಬಹಳ ಜನ ಕಾರಿನಲ್ಲಿ ತಪ್ಪಿಸಿಕೊಳ್ಳಲು ಹೋಗಿ ರಸ್ತೆಯಲ್ಲೇ ಸಿಕ್ಕಿಬಿದ್ದವರು. ಅದೇ ವರ್ಷ ಅಕ್ಟೋಬರ್ 15ರಂದು ಮತ್ತೆ ದೊಡ್ಡ ಬೆಂಕಿ. ನಾವು ಬಂದಾಗ ನಮ್ಮ ಎದುರಿನ ಗುಡ್ಡ ಪೂರ್ತಿ ಕಪ್ಪಾಗಿತ್ತು. ಮನೆಗಳು ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ಮಾರುವವರು ಇದನ್ನು ಎತ್ತುವುದಿಲ್ಲ.

ಹಾಗಾಗಿ ಹುಲ್ಲು ಕಡಿಯುವುದು ಇಲ್ಲಿ ಕಾನೂನು. ಮನೆಯ ಸುತ್ತ 50 ಮೀಟರ್ ಜಾಗ ಸ್ವಚ್ಛ ಇರಬೇಕು. ಹುಲ್ಲು 20 ಸೆಂಟಿಮೀಟರ್ ಮೀರಬಾರದು, ಪೊದೆ 50 ಸೆಂಟಿಮೀಟರ್. ಪೈನ್ ಮತ್ತು ನೀಲಗಿರಿಯ ಒಂದು ಮರದ ತಲೆಗೂ ಇನ್ನೊಂದರ ತಲೆಗೂ 10 ಮೀಟರ್ ಅಂತರ, ಬೇರೆ ಮರಗಳಿಗೆ 4 ಮೀಟರ್. ಮನೆಗೆ 5 ಮೀಟರ್‌ಗಿಂತ ಹತ್ತಿರ ಕೊಂಬೆ ಇರಬಾರದು. ಗಡುವು ಏಪ್ರಿಲ್ 30. ಮಳೆ ಜಾಸ್ತಿಯಾದ ವರ್ಷ ಸರ್ಕಾರ ದಿನ ಮುಂದೂಡುವುದುಂಟು. ಮಾಡದಿದ್ದರೆ ದಂಡ. ಪಕ್ಕದ ಜಾಗದವನ ಮನೆ ನಿಮ್ಮ ಬೇಲಿಯಿಂದ 30 ಮೀಟರ್ ದೂರ ಇದ್ದರೆ ಅವನ ಸುತ್ತಿನ 50 ಮೀಟರ್‌ನಲ್ಲಿ ನಿಮ್ಮ ಪಾಲೂ ಬರುತ್ತದೆ. ಅದನ್ನು ಕಡಿಯಬೇಕಾದವರು ನೀವು.

ಲೆಕ್ಕ ಹಾಕೋಣ. ನಾಲ್ಕು ಎಕರೆ ಅಂದರೆ ಸುಮಾರು 16,000 ಚದರ ಮೀಟರ್. ಬೆಟ್ಟದ ಜಾಗ ಸಮತಟ್ಟಲ್ಲ, ಮೆಟ್ಟಿಲಿನ ಹಾಗೆ ಕಲ್ಲು ಕಟ್ಟಿದ ದರೆ ಮೇಲೆ ದರೆ. ಟ್ರ್ಯಾಕ್ಟರ್ ಬರುವುದಿಲ್ಲ. ಹೆಗಲಿಗೆ ಮೆಷಿನ್ ಹಾಕಿಕೊಂಡು ನಾನು ದಿನಕ್ಕೆ 1,000 ಚದರ ಮೀಟರ್ ಹೊಡೆಯುತ್ತೇನೆ. ಮೈ ಚೆನ್ನಾಗಿದ್ದ ದಿನ 1,200. ನಿಮಗೆ ಎರಡು ವಾರಕ್ಕೂ ಜಾಸ್ತಿ ಬೇಕು. ಮುಗಿಯುವಷ್ಟರಲ್ಲಿ ಮೊದಲು ಹೊಡೆದ ಕಡೆ ಮತ್ತೆ ಚಿಗುರಿರುತ್ತದೆ. ಆಮೇಲೆ ಮಾಡೋಣ ಅನ್ನುವಂತಿಲ್ಲ. ಬೆಂಕಿಯ ಅಪಾಯ ತುಂಬ ಹೆಚ್ಚಿರುವ ದಿನ ಲೋಹದ ಬ್ಲೇಡಿನ ಮೆಷಿನ್ ಓಡಿಸುವುದಕ್ಕೇ ನಿಷೇಧ. ಬ್ಲೇಡು ಕಲ್ಲಿಗೆ ತಾಗಿ ಕಿಡಿ ಹಾರಿದರೆ ಸಾಕು. ಇದೇ ಏಪ್ರಿಲ್‌ನಲ್ಲಿ ಈಸ್ಟರ್ ರಜೆಗೆ ಮೊದಲ ಅತಿಥಿಗಳು ಬರುತ್ತಾರೆ. ಬೆಳಿಗ್ಗೆ ಎಂಟಕ್ಕೆ ನೀವು ಮೆಷಿನ್ ಶುರುಮಾಡಿದರೆ ಹತ್ತಕ್ಕೆ ಏಳುವ ಅತಿಥಿ ಸುಮ್ನೆ ಇರುತ್ತಾನಾ?

ಕುರಿ ಬಿಟ್ಟರಾಯಿತು ಅಂತ ಯಾರಾದರೂ ಹೇಳುತ್ತಾರೆ. ನಾವೂ ನಾಲ್ಕು ಕುರಿ ತಂದೆವು. ಕುರಿ ಹುಲ್ಲು ತಿನ್ನುತ್ತದೆ ನಿಜ, ಆದರೆ ಎಳೆ ಆಲಿವ್ ಚಿಗುರು ಅದಕ್ಕೆ ಇನ್ನೂ ಇಷ್ಟ. ಕಿವಿಗೆ ಓಲೆ ಹಾಕಿಸಿ ಪಶು ಇಲಾಖೆಯಲ್ಲಿ ದಾಖಲಿಸಬೇಕು, ನಾಲ್ಕೇ ಇದ್ದರೂ. ಮತ್ತೆ ಕುರಿ ಇರುವವರು ಇಬ್ಬರೂ ಒಟ್ಟಿಗೆ ಒಂದು ರಾತ್ರಿ ಕೂಡ ಹೊರಗೆ ಉಳಿಯುವ ಹಾಗಿಲ್ಲ. ಮೂರನೇ ವರ್ಷ ಕೊಟ್ಟುಬಿಟ್ಟೆವು. ಈಗ ಪಕ್ಕದ ಹಳ್ಳಿಯವರು ಅವರ ಕುರಿಯನ್ನು ಮಾರ್ಚ್‌ನಲ್ಲಿ ಮೂರು ವಾರ ನಮ್ಮಲ್ಲಿ ಮೇಯಲು ಬಿಡುತ್ತಾರೆ. ಇದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ.

ಊಟ ವಸತಿಗೆ ಬದಲಾಗಿ ಕೆಲಸ ಮಾಡುವ ಯುವಕರು ಸಿಗುತ್ತಾರೆ, ಅವರನ್ನು ನಂಬಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಒಳ್ಳೆಯ ಮಕ್ಕಳೂ ಬಂದಿದ್ದಾರೆ. ಆದರೆ ಅವರಿಗೆ ಕಲಿಸಿ, ಅಡುಗೆ ಮಾಡಿ ಹಾಕಿ, ಅವರ ಹಾಸಿಗೆಯ ಬಟ್ಟೆಯನ್ನೂ ಒಗೆಯುವವರು ನೀವೇ.

ನೀರಿನ ವಿಷಯ. ನಮ್ಮ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರಲ್ಲ, ವಿಟ್ಲದಿಂದ ಕಾಸರಗೋಡುವರೆಗೂ? ಇಲ್ಲೂ ಅದೇ ಇದೆ. ಮೀನಾ ಅನ್ನುತ್ತಾರೆ. ಗುಡ್ಡದೊಳಗೆ ಅಡ್ಡಡ್ಡ ಹೋದ ಕಿರಿದಾದ ಗವಿ, ಒಳಗಿಂದ ಒಂದೇ ಸಮನೆ ಸಣ್ಣಗೆ ಹರಿದುಬರುವ ನೀರು, ಬಾಯಲ್ಲಿ ಒಂದು ಕಲ್ಲಿನ ತೊಟ್ಟಿ. ಮೊದಲ ಸಲ ನೋಡಿದಾಗ ನಾನು ಬಗ್ಗಿ ಒಳಗೆ ಮುಖ ಹಾಕಿ ವಾಸನೆ ನೋಡಿದೆ. ಅಜ್ಜನ ಮನೆಯ ಸುರಂಗದ ಅದೇ ತಣ್ಣನೆಯ ಮಣ್ಣಿನ ವಾಸನೆ.

ಒಂದು ಆಗಸ್ಟ್‌ನಲ್ಲಿ, ಮನೆ ತುಂಬಿದ್ದಾಗ, ಬಾವಿಯ ಪಂಪು ಸುಟ್ಟುಹೋಯಿತು. ಶನಿವಾರ ಸಂಜೆ. ಹೊರಗೆ 39 ಡಿಗ್ರಿ. ಸೋಮವಾರದವರೆಗೆ ಯಾರೂ ಬರುವುದಿಲ್ಲ, ಆಗಸ್ಟ್ ಅಂದರೆ ಇಲ್ಲಿ ಊರಿಗೆ ಊರೇ ರಜೆ. ಆರು ಜನ ಅತಿಥಿಗಳು ಸ್ನಾನಕ್ಕೆ ಕಾಯುತ್ತಿದ್ದಾರೆ. ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಕರಿ ಸೀರೆಯೊಂದು ಉಟ್ಟರೆ ನಮ್ಮೂರಿನವರೇ ಅನ್ನಬಹುದು. ಅವರು ಬೇಲಿ ಆಚೆಯಿಂದ ಏನೋ ಕೂಗಿದರು. ಅಷ್ಟು ಹೊತ್ತಿಗೆ ನನಗೆ ಭಾಷೆ ಅರ್ಧಂಬರ್ಧ. ಆದರೆ ಒಂದು ಮಾತು ಕಿವಿಗೆ ಬಿತ್ತು: ಬಾಲ್ದ್. ಬಾಲ್ದಿ! ಕೈಯಲ್ಲಿ ಒಂದು ಬಾಲ್ದಿ ಎತ್ತಿ ತೋರಿಸುತ್ತಿದ್ದಾರೆ, ಇನ್ನೊಂದು ಕೈಯಲ್ಲಿ ಮೀನಾದ ಬಾಗಿಲಿನ ಷಾವ್. ಚಾವಿ. ಎರಡು ದಿನ ಅವರ ಸುರಂಗದ ನೀರನ್ನು ಬಾಲ್ದಿಯಲ್ಲಿ ಹೊತ್ತೆವು. ಒಬ್ಬ ಡಚ್ ಅತಿಥಿ ತಾನೂ ಹೊತ್ತ, ಹೋಗುವಾಗ ಇಡೀ ರಜೆಯಲ್ಲಿ ಅದೇ ಚೆನ್ನಾಗಿತ್ತು ಅಂದ.

ಹೀಗೆ ಭಾಷೆಯಲ್ಲಿ ಅಲ್ಲಲ್ಲಿ ನಮ್ಮ ಮನೆಯ ಪಾತ್ರೆಗಳು ಸಿಗುತ್ತವೆ. ಕರಾವಳಿಯ ಬಟಾಟೆ ಇಲ್ಲಿ ಬಟಾಟ, ಪಾದ್ರಿ ಪಾದ್ರೆ, ಮುಂಬೈ ಕಡೆಯ ಪಾವ್ ಇಲ್ಲಿಯ ಬ್ರೆಡ್ಡು. ಗೋವಾ ದಾರಿಯಲ್ಲಿ ನಮ್ಮ ಕಡೆ ಬಂದ ಮಾತುಗಳು ಇವು. ಇಷ್ಟರಿಂದ ಭಾಷೆ ಬಂದ ಹಾಗಾಗುವುದಿಲ್ಲ. ಹಳ್ಳಿಯ ಕಚೇರಿಯಲ್ಲಿ, ಪ್ಲಂಬರ್ ಜೊತೆ, ಪಶುವೈದ್ಯರ ಜೊತೆ ಪೋರ್ಚುಗೀಸ್ ಬೇಕೇ ಬೇಕು. ಬರುವ ಮೊದಲೇ ಕಲಿಯಲು ಶುರುಮಾಡಿ.

ಈಗ ನಿಮ್ಮ ನೂರು ಮರಕ್ಕೆ ಬರೋಣ.

ನಮ್ಮ ಕಡೆ ಹೆಚ್ಚಾಗಿ ಇರುವುದು ಗಲೇಗಾ ತಳಿ. ಕಾಯಿ ಚಿಕ್ಕದು, ಹಣ್ಣಾದಾಗ ಕಪ್ಪು. ಒಂದು ವರ್ಷ ಚೆನ್ನಾಗಿ ಬಿಟ್ಟರೆ ಮುಂದಿನ ವರ್ಷ ವಿಶ್ರಾಂತಿ, ನಮ್ಮ ಮಾವಿನ ಹಾಗೆ. ಕೊಯ್ಲು ಅಕ್ಟೋಬರ್ ಕೊನೆಯಿಂದ ಶುರು. ಮರದ ಕೆಳಗೆ ಬಲೆ ಹಾಸುವುದು, ಮೇಲೆ ಉದ್ದ ಕೋಲಿನಿಂದ ಬಡಿಯುವುದು, ಅಥವಾ ಬ್ಯಾಟರಿಯ ಬಾಚಣಿಗೆಯಿಂದ ಉದುರಿಸುವುದು. ಬಲೆ ಎಳೆದು ಎಲೆ ಕಡ್ಡಿ ಆರಿಸಿ ಕ್ರೇಟಿಗೆ ತುಂಬುವುದು. ಇಬ್ಬರು ಸೇರಿ ದಿನಕ್ಕೆ 120 ಕೆಜಿ ಆದರೆ ಚೆನ್ನಾಗಿ ಆಯಿತು ಅಂತ ಲೆಕ್ಕ. ಒಳ್ಳೆ ವರ್ಷ ನಮ್ಮ ತೊಂಬತ್ತು ಮರದಿಂದ 900 ಕೆಜಿ ಬಂದಿತ್ತು. ಎಣ್ಣೆ ಸುಮಾರು 110 ಲೀಟರ್.

ಗೋಣಿಯಲ್ಲಿ ತುಂಬಬೇಡಿ. ಮೊದಲ ವರ್ಷ ನಾನು ಅಡಿಕೆಯ ಅಭ್ಯಾಸದಲ್ಲಿ ಗೋಣಿಗೆ ತುಂಬಿ ಮೂರು ದಿನ ಮೂಲೆಯಲ್ಲಿಟ್ಟೆ. ಕೈ ಹಾಕಿದರೆ ಒಳಗೆ ಬಿಸಿ. ಕಾಯಿ ಹುದುಗಲು ಶುರುವಾಗಿತ್ತು. ಎಣ್ಣೆಗೆ ಒಂಥರ ಹುಳಿ ವಾಸನೆ ಬಂತು. ಎಕ್ಸ್‌ಟ್ರಾ ವರ್ಜಿನ್, ಅಂದರೆ ಮೇಲ್ದರ್ಜೆಯದು, ಅನ್ನಿಸಿಕೊಳ್ಳಲು ಎಣ್ಣೆಯ ಆಮ್ಲ 0.8 ಶೇಕಡಾ ಮೀರಬಾರದು. ನಮ್ಮದು ಎಲ್ಲೋ ಹೋಗಿತ್ತು. ಗಾಳಿಯಾಡುವ ಕ್ರೇಟಿನಲ್ಲಿಟ್ಟು, ಕೊಯ್ದ ದಿನ ಅಥವಾ ಮರುದಿನವೇ ಗಾಣಕ್ಕೆ ಒಯ್ಯಬೇಕು.

ಗಾಣಕ್ಕೆ ಇಲ್ಲಿ ಲಗಾರ್ ಅನ್ನುತ್ತಾರೆ. ನವೆಂಬರ್ ರಾತ್ರಿ ಹನ್ನೊಂದು ಗಂಟೆಗೆ ಅಲ್ಲಿ ಸರದಿ ಕಾಯುವುದು ನನಗೆ ಇಡೀ ವರ್ಷದಲ್ಲಿ ಅತಿ ಇಷ್ಟದ ಕೆಲಸ. ಊರಿನವರೆಲ್ಲ ಅವರವರ ಕ್ರೇಟಿನ ಪಕ್ಕ ನಿಂತಿರುತ್ತಾರೆ. ಯಾರೂ ಕಣ್ಣು ತೆಗೆಯುವುದಿಲ್ಲ, ತಮ್ಮ ಕಾಯಿ ಇನ್ನೊಬ್ಬರದರ ಜೊತೆ ಸೇರಿಹೋದರೆ ಅಂತ. ಕಾಯಿ ತೊಳೆದು, ಅರೆದು, ಆ ಮುದ್ದೆಯನ್ನು ನಿಧಾನ ಕಲಸುತ್ತಾರೆ. ಕೊನೆಗೆ ಒಂದು ನಳಿಕೆಯಿಂದ ಹಸಿರು ಎಣ್ಣೆ ದಪ್ಪಗೆ ಇಳಿಯುತ್ತದೆ. ಮೂಲೆಯ ಒಲೆಯಲ್ಲಿ ಬ್ರೆಡ್ ಸುಟ್ಟು ಆ ಎಣ್ಣೆಯಲ್ಲಿ ಅದ್ದಿ ಕೈಗೆ ಕೊಡುತ್ತಾರೆ. ತಿಬೋರ್ನಾ ಅಂತ ಹೆಸರು. ಗಂಟಲಲ್ಲಿ ಕಾಳುಮೆಣಸಿನ ಹಾಗೆ ಕಾರ ಹತ್ತಿದರೆ ಎಣ್ಣೆ ಒಳ್ಳೆಯದು. ಗಾಣದ ಕೂಲಿಯನ್ನು ದುಡ್ಡಿನಲ್ಲಿ ಕೊಡಬಹುದು, ಕೆಲವು ಕಡೆ ಎಣ್ಣೆಯಲ್ಲೇ ಒಂದು ಪಾಲು ಹಿಡಿದುಕೊಳ್ಳುತ್ತಾರೆ.

ಆ 110 ಲೀಟರ್ ಮಾರಿ ದುಡ್ಡು ಮಾಡಬಹುದು ಅಂದುಕೊಳ್ಳಬೇಡಿ. ಯುರೋಪಿನ ನಿಯಮದ ಪ್ರಕಾರ ಗ್ರಾಹಕರಿಗೆ ಮಾರುವ ಆಲಿವ್ ಎಣ್ಣೆ ಮುಚ್ಚಿದ ಡಬ್ಬಿಯಲ್ಲೇ ಇರಬೇಕು, 5 ಲೀಟರ್ ಮೀರಬಾರದು, ಸರಿಯಾದ ಲೇಬಲ್ ಬೇಕು. ಹಳೆ ಬಾಟಲಿಗೆ ತುಂಬಿ ಅತಿಥಿಗೆ ಮಾರುವಂತಿಲ್ಲ. ನಾವು ತಿಂಡಿಗೆ ಬಳಸುತ್ತೇವೆ, ಒಂದಿಷ್ಟು ಹಂಚುತ್ತೇವೆ, ಉಳಿದದ್ದು ವರ್ಷಪೂರ್ತಿ ನಮ್ಮ ಒಗ್ಗರಣೆಗೆ. ಸಾಸಿವೆ ಆಲಿವ್ ಎಣ್ಣೆಯಲ್ಲೂ ಚೆನ್ನಾಗಿಯೇ ಸಿಡಿಯುತ್ತದೆ.

ನಿಮ್ಮಲ್ಲಿ ಯಾರಾದರೂ ಮಲೆನಾಡು, ಕರಾವಳಿ ಕಡೆಯವರಾಗಿದ್ದರೆ ಒಂದು ಅನುಕೂಲ ಇದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇಲ್ಲಿ ದ್ರಾಕ್ಷಿಗೂ ಆಲಿವ್ ಎಲೆಚುಕ್ಕಿಗೂ ಹೊಡೆಯುತ್ತಾರೆ. ಅದೇ ಮೈಲುತುತ್ತ, ಅದೇ ಸುಣ್ಣ, ಅದೇ ನೀಲಿ ಕೈ. ನಾನು ಸುಣ್ಣ ಬೇರೆ, ತುತ್ತ ಬೇರೆ ಕರಗಿಸಿ ಹದ ನೋಡಿ ಕಲಸುವುದನ್ನು ಕಂಡ ಮೇಲೇ ಊರಿನ ಹಿರಿಯರು ನನ್ನನ್ನು ರೈತ ಅಂತ ಒಪ್ಪಿಕೊಂಡಿದ್ದು. ಕಾಡುಹಂದಿಯೂ ಹೊಸದಲ್ಲ. ಬಟಾಟೆ ಪಾತಿಯನ್ನು ಒಂದೇ ರಾತ್ರಿ ಉಳುಮೆ ಮಾಡಿ ಹೋಗುತ್ತದೆ, ಥೇಟ್ ನಮ್ಮೂರಿನ ಹಾಗೆ.

ದುಡ್ಡಿನ ಲೆಕ್ಕ ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ನಮ್ಮ ಕಡೆ ಅತಿಥಿಗಳ ಮುಖ್ಯ ಕಾಲ ಮೇ ತಿಂಗಳಿಂದ ಸೆಪ್ಟೆಂಬರ್, ಅಂದರೆ ಸುಮಾರು 150 ರಾತ್ರಿ. ಮೂರು ಕೋಣೆಗೆ 450. ಅದರಲ್ಲಿ 200 ತುಂಬಿದರೆ ನಾವು ಖುಷಿ. ರಾತ್ರಿಗೆ 65 ಯೂರೋ ಅಂದರೆ 13,000. ಬುಕಿಂಗ್ ಸೈಟಿನವರಿಗೆ ಶೇಕಡಾ 15ರ ಹಾಗೆ ಕಮಿಷನ್, ಆಮೇಲೆ ವಿದ್ಯುತ್, ಗ್ಯಾಸ್, ವಿಮೆ, ತಿಂಡಿ, ಬಟ್ಟೆ, ರಿಪೇರಿ. ಕೈಗೆ 7,000 ಉಳಿದರೆ ಹೆಚ್ಚು. 2025ರಲ್ಲಿ ಇಲ್ಲಿನ ಕನಿಷ್ಠ ಪಗಾರ ತಿಂಗಳಿಗೆ 870 ಯೂರೋ ಇತ್ತು, ವರ್ಷಕ್ಕೆ 14 ಸಲ ಕೊಡುತ್ತಾರೆ. ಒಟ್ಟು 12,180. ಅಂದರೆ ಇಬ್ಬರು ಬೆನ್ನು ಮುರಿದು ದುಡಿದದ್ದು ಒಬ್ಬರ ಕನಿಷ್ಠ ಪಗಾರಕ್ಕೂ ಸಾಲದು. ಬೇರೆ ಕಡೆಯಿಂದ ಬರುವ ಆದಾಯ ನಿಮಗೆ ಇರಲೇಬೇಕು. ಬಾಡಿಗೆಯೋ, ಬಡ್ಡಿಯೋ, ಒಬ್ಬರಿಗಾದರೂ ದೂರದಿಂದ ಮಾಡುವ ಕೆಲಸವೋ. ನನ್ನ ಹೆಂಡತಿ ಈಗಲೂ ಚಳಿಗಾಲದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ. ಮನೆಯ ಮಾಡು ರಿಪೇರಿಯಾದದ್ದು ಆ ದುಡ್ಡಿನಲ್ಲಿ, ಆಲಿವ್‌ನಿಂದಲ್ಲ.

ಕಾಗದಪತ್ರದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮನೆ ಕೊಂಡರೆ ವೀಸಾ ಸಿಗುತ್ತದೆ ಅನ್ನುವುದು ಹಳೆ ಕಥೆ. ಹಣ ಹೂಡಿದವರಿಗೆ ವಾಸದ ಪರವಾನಗಿ ಕೊಡುವ ಗೋಲ್ಡನ್ ವೀಸಾದಲ್ಲಿ ಮನೆ ಕೊಳ್ಳುವ ದಾರಿ 2023ರ ಅಕ್ಟೋಬರ್‌ನಲ್ಲೇ ಮುಚ್ಚಿತು. ನಿಮ್ಮಂಥವರಿಗೆ ಉಳಿದಿರುವ ದಾರಿಗಳಲ್ಲಿ ಬಾಡಿಗೆ, ಪಿಂಚಣಿಯಂಥ ಆದಾಯ ತೋರಿಸುವ ಡಿ7 ವೀಸಾ, ಉದ್ಯಮ ಮಾಡುವವರ ಡಿ2 ವೀಸಾ ಸೇರಿವೆ. ಭಾರತದಿಂದ ಹಣ ತರಲು ರಿಸರ್ವ್ ಬ್ಯಾಂಕಿನ ಮಿತಿ ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್. ಇಬ್ಬರು ಇದ್ದೀರಿ, ಸಾಕಾಗುತ್ತದೆ. ಮೂರು ಕೋಣೆಗೆ ಆಲೋಜಮೆಂತೊ ಲೊಕಾಲ್, ಅಂದರೆ ಅತಿಥಿಗಳಿಗೆ ಕೋಣೆ ಕೊಡುವ ಸಣ್ಣ ವಸತಿ ಅಂತ, ನೋಂದಣಿ ಮಾಡಿಸಿದರೆ ಆಯಿತು. ಅದರ ಮಿತಿ 9 ಕೋಣೆ. ಬಾಗಿಲಲ್ಲಿ ಫಲಕ, ಬೆಂಕಿ ಆರಿಸುವ ಸಿಲಿಂಡರ್, ಬೆಂಕಿ ಕಂಬಳಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ವಿಮೆ, ಜೊತೆಗೆ ದೂರು ಪುಸ್ತಕ ಕಡ್ಡಾಯ. ವಿದೇಶಿ ಅತಿಥಿ ಬಂದರೆ ಮೂರು ಕೆಲಸದ ದಿನದೊಳಗೆ ಸರ್ಕಾರದ ಜಾಲತಾಣದಲ್ಲಿ ವಿವರ ತುಂಬಬೇಕು. ಇದನ್ನು ಸಂಜೆ ಕೋಳಿಗೂಡು ಮುಚ್ಚುವ ಕೆಲಸದ ಜೊತೆಗೇ ಕಟ್ಟಿಕೊಳ್ಳಿ, ಮರೆಯುವುದಿಲ್ಲ.

ಜಾಗದ ಕಾಗದ ಮಾತ್ರ ಬೇಗ ಮುಗಿಯುವ ವಿಷಯ ಅಲ್ಲ. ಪಹಣಿ, ಪೋಡಿ, ಖಾತೆ ಅಂತ ನಾವು ಒದ್ದಾಡುತ್ತೇವಲ್ಲ, ಇಲ್ಲಿ ಅದರ ಅಣ್ಣ ಇದ್ದಾನೆ. ನಾಲ್ಕು ಎಕರೆ ಅಂದರೆ ಒಂದೇ ತುಂಡು ಅಂದುಕೊಳ್ಳಬೇಡಿ. ಏಳು ತುಂಡು ಇರಬಹುದು, ನಡುವೆ ಇನ್ನೊಬ್ಬರ ಎರಡು ದರೆ ಇರಬಹುದು, ಅದರ ವಾರಸುದಾರರು ಬ್ರೆಜಿಲ್‌ನಲ್ಲೋ ಫ್ರಾನ್ಸ್‌ನಲ್ಲೋ ಇರಬಹುದು. ಸಣ್ಣ ಕೃಷಿ ತುಂಡು ಮಾರುವಾಗ ಪಕ್ಕದ ಜಾಗದವನಿಗೆ ಮೊದಲು ಕೊಳ್ಳುವ ಹಕ್ಕಿದೆ. ಅವನಿಗೆ ತಿಳಿಸದೆ ಕೊಂಡರೆ ಆಮೇಲೆ ತಕರಾರು ಎತ್ತಬಹುದು. ಮನೆ ಅಂತ ತೋರಿಸಿದ ಕಟ್ಟಡ ದಾಖಲೆಯಲ್ಲಿ ದನದ ಹಟ್ಟಿ ಆಗಿದ್ದರೆ ಅದರಲ್ಲಿ ಅತಿಥಿಗಳನ್ನು ಇರಿಸುವಂತಿಲ್ಲ. ಮಾರುವವರು ಹೇಳಿದ ವಕೀಲರು ಬೇಡ, ನಿಮ್ಮದೇ ವಕೀಲರನ್ನು ಹಿಡಿಯಿರಿ.

ಅಡುಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಬಂದವರೆಲ್ಲ ಕೇಳುತ್ತಾರೆ. ಕೊತ್ತಂಬರಿ ಸೊಪ್ಪು ಇಲ್ಲಿನವರು ಧಾರಾಳ ತಿನ್ನುತ್ತಾರೆ. ಹಿತ್ತಿಲಲ್ಲಿ ಬದನೆ, ಬೆಂಡೆ, ಬೀನ್ಸ್ ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತವೆ. ಉದ್ದಿನಬೇಳೆ ಲಿಸ್ಬನ್‌ನ ಮಾರ್ತಿಂ ಮೊನಿಜ್ ಕಡೆ ಸಿಗುತ್ತದೆ. ಸಸ್ಯಾಹಾರಿಗಳಾದರೆ ಒಂದು ಒಳ್ಳೆ ಸುದ್ದಿ: ಇಲ್ಲಿನ ಹೆಸರುವಾಸಿ ಸೆರ್ರಾ ದ ಎಸ್ತ್ರೆಲಾ ಕುರಿಹಾಲಿನ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಹಾಕುವುದಿಲ್ಲ. ಒಂದು ಜಾತಿಯ ಮುಳ್ಳುಗಿಡದ ನೇರಳೆ ಹೂವಿನಿಂದ ಹಾಲು ಒಡೆಸುತ್ತಾರೆ. ಕೆಟ್ಟ ಸುದ್ದಿಯೂ ಇದೆ. ತರಕಾರಿ ಸೂಪ್ ಅಂತ ತಂದಿಟ್ಟದ್ದರಲ್ಲಿ ಒಂದು ತುಂಡು ಹಂದಿ ಸಾಸೇಜ್ ತೇಲುತ್ತಿರುತ್ತದೆ, ಅದನ್ನು ಅವರು ಮಾಂಸ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅತಿಥಿಗಳಿಗೆ ಭಾನುವಾರ ದೋಸೆ ಮಾಡುತ್ತೇವೆ. ಆಗಸ್ಟ್‌ನಲ್ಲಿ ಹಿಟ್ಟು ನಾಲ್ಕೇ ಗಂಟೆಯಲ್ಲಿ ಉಕ್ಕಿ ಪಾತ್ರೆಯಿಂದ ಹೊರಬರುತ್ತದೆ. ಫೆಬ್ರವರಿಯಲ್ಲಿ ಎರಡು ದಿನವಾದರೂ ಅಲುಗಾಡುವುದಿಲ್ಲ. ಕಲ್ಲಿನ ಮನೆ ಬೇಸಿಗೆಯಲ್ಲಿ ತಂಪು ಅಂತ ಹೊಗಳುತ್ತೇವಲ್ಲ, ಚಳಿಗಾಲದಲ್ಲೂ ಅದು ತಂಪೇ. ಒಲೆ ಹಚ್ಚದ ಕೋಣೆಯಲ್ಲಿ ಬೆಳಿಗ್ಗೆ 9 ಡಿಗ್ರಿ ನೋಡಿದ್ದೇನೆ. ಗೋಡೆ ಬೆವರುತ್ತದೆ, ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ, ಚರ್ಮದ ಬೆಲ್ಟು ಹಸಿರಾಗುತ್ತದೆ. ಥೇಟ್ ಆಷಾಢ, ಆದರೆ ಚಳಿ ಬೇರೆ. ಸಲಮಾಂದ್ರ ಅನ್ನುವ ಕಬ್ಬಿಣದ ಸೌದೆ ಒಲೆಯೊಂದೇ ಗತಿ. ಸೌದೆಯನ್ನು ಟನ್ ಲೆಕ್ಕದಲ್ಲಿ ಬೇಸಿಗೆಯಲ್ಲೇ ಕೊಂಡು ಒಣಗಿಸಿಡಬೇಕು. ಡಿಸೆಂಬರ್‌ನಲ್ಲಿ ಕೊಂಡದ್ದು ಉರಿಯುವುದಿಲ್ಲ, ಹೊಗೆಯಾಡುತ್ತದೆ. ದೋಸೆ ಹಿಟ್ಟಿನ ಪಾತ್ರೆ ರಾತ್ರಿ ಆ ಒಲೆಯ ಪಕ್ಕ, ನಮ್ಮ ಕುರ್ಚಿಗಳ ನಡುವೆ ಕೂತಿರುತ್ತದೆ.

ನವೆಂಬರ್ 11ಕ್ಕೆ ಊರಲ್ಲಿ ಚೆಸ್ಟ್‌ನಟ್ ಸುಟ್ಟು ಹೊಸ ವೈನ್ ಕುಡಿಯುವ ಹಬ್ಬ ಆಗುತ್ತದೆ. ಅದಾದ ಮೇಲೆ ಮಾರ್ಚ್‌ವರೆಗೆ ನಮ್ಮ ಬೀದಿಯಲ್ಲಿ ಹೊಗೆ ಕಾಣುವುದು ನಾಲ್ಕೇ ಮನೆಯಲ್ಲಿ. ಆಗಸ್ಟ್‌ನಲ್ಲಿ ಫ್ರಾನ್ಸ್, ಸ್ವಿಟ್ಜರ್‌ಲ್ಯಾಂಡ್‌ನಿಂದ ಮಕ್ಕಳು ಮೊಮ್ಮಕ್ಕಳು ಬಂದು ಗಲಗಲ ಅನ್ನುತ್ತಿದ್ದ ಊರು ಅದೇನಾ ಅನ್ನಿಸುತ್ತದೆ. ಈ ನಾಲ್ಕು ತಿಂಗಳು ನಿಮ್ಮಿಬ್ಬರಿಗೆ ಒಬ್ಬರಿಗೊಬ್ಬರೇ. ಇಬ್ಬರಲ್ಲಿ ಒಬ್ಬರಿಗಾದರೂ ಇದು ಆಗುವುದಿಲ್ಲ ಅನ್ನಿಸಿದರೆ ಈಗಲೇ ಹೇಳಿಕೊಳ್ಳಿ.

ಆದ್ದರಿಂದ ಇನ್ನೂ ಅಡ್ವಾನ್ಸ್ ಕೊಡಬೇಡಿ. ಫೆಬ್ರವರಿಯಲ್ಲಿ ಮೂರು ವಾರ ರಜೆ ಹಾಕಿ, ಅದೇ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಇರಿ. ಆ ಮನೆಯ ಗೋಡೆಯನ್ನು ಮಳೆಯಲ್ಲಿ ಮುಟ್ಟಿ ನೋಡಿ. ಬಾವಿ ಮಾತ್ರ ಸೆಪ್ಟೆಂಬರ್ ಕೊನೆಯಲ್ಲಿ ನೋಡಬೇಕು, ಬೇಸಿಗೆ ಮುಗಿಯುವಾಗ ಎಷ್ಟು ನೀರು ಉಳಿದಿದೆ ಅಂತ. ಮಾರುವವರನ್ನು ನಾಲ್ಕು ಎಕರೆಯಲ್ಲಿ ಮನೆಗೆ ತಾಗಿದ ತುಂಡನ್ನು ಮಾತ್ರ ಕೊಡುತ್ತೀರಾ ಅಂತ ಕೇಳಿ. ಬಹಳ ಸಲ ಕೊಡುತ್ತಾರೆ, ಕೇಳುವವರು ಇಲ್ಲ ಅಷ್ಟೇ. ನಮ್ಮ ಕಡೆ ಬಂದರೂ ಆದೀತು, ಫೆಬ್ರವರಿಯಲ್ಲಿ ಮೂರು ಕೋಣೆಯೂ ಖಾಲಿ. ಆಲಿವ್ ಕೊಂಬೆ ಸವರುವ ಕೆಲಸ ಇರುತ್ತದೆ, ದಪ್ಪ ಗ್ಲೌಸ್ ತನ್ನಿ. ಅರ್ಧ ಕೆಜಿ ಉದ್ದಿನಬೇಳೆ ತಂದರೂ ಬೇಡ ಅನ್ನುವುದಿಲ್ಲ.